ಕೂಸಿನ ಬೆನ್ನ ಮೇಲಿನ ಗುಡ್ಡ

ಹದಿನಾಲ್ಕನೇ ಹಾಳೆಯ ಮೇಲಿನ ಉರ್ದು ಬರಹವನ್ನು ಓದಿ ಹೇಳಲು ಮಾಜೀದಸಾಬರು ಮಧ್ಯಾಹ್ನ ಮೂರೂವರೆಗೆ ಬರುತ್ತಾರೆ ಎಂದು ದಫ್ತರದ ಹೊಸ ಅಧಿಕಾರಿ ಶೋಭಾರಾಣಿ ಮೇಡಂ ಹೇಳಿಹೋದಾಗ ಹಂಪಣ್ಣನ ಲೋಟದಲ್ಲಿ ಅರ್ಧ ಚಹಾ ಉಳಿದಿತ್ತು. ಅದನ್ನು ಕುಡಿಯಬೇಕೋ ಚೆಲ್ಲಬೇಕೋ ತಿಳಿಯದೆ ಆತ ಲೋಟದೊಳಗೇ ನೋಡುತ್ತ ನಿಂತ. ಅಲ್ಲ, ಮೂವತ್ತನಾಲ್ಕು ವರ್ಷ ತಗಡಿನ ಕೊಳವೆಯಲ್ಲಿ ಸುರುಳಿ ಸುತ್ತಿಕೊಂಡು ಮಲಗಿದ್ದ ಹಾಳೆ ಅದು, ಯಾರ ತಂಟೆಗೂ ಹೋದದ್ದಲ್ಲ. ಇನ್ನು ಮೂರೇ ತಿಂಗಳು ತಡೆದಿದ್ದರೆ ಹಂಪಣ್ಣ ಶಾಲು ಹೊದೆಸಿಕೊಂಡು, ಹಾರ ಹಾಕಿಸಿಕೊಂಡು ನಿವೃತ್ತನಾಗಿ ಮನೆ ಸೇರಿರುತ್ತಿದ್ದ. ಆಮೇಲೆ ಯಾರು ಬೇಕಾದರೂ ಓದಿಕೊಳ್ಳಲಿ. ಆದರೆ ಈ ಮೇಡಂ ಕೊಪ್ಪಳಕ್ಕೆ ಬಂದ ಆರು ತಿಂಗಳಲ್ಲಿ ಆ ಹಳೇ ನಕ್ಷೆಗಳ ದಫ್ತರದ ಒಂದೊಂದೇ ಕೊಳವೆಯ ಮುಚ್ಚಳ ತೆಗೆಸಿ, ಧೂಳು ಕುಡಿದು, ಸೀನಿ ಸೀನಿ ಸಾಕಾಗಿ, ಕೊನೆಗೆ ಹದಿನಾಲ್ಕನೇ ಹಾಳೆಗೆ ಮನಸೋತರು. ಕುಷ್ಟಗಿ ಯಲಬುರ್ಗಾಗಳ ನಡುವೆ, ಬಸ್ಸಿಳಿದು ಎರಡು ತಾಸು ನಡೆದರೆ ಸಿಗುವ ಕೆಂಚಗುಡ್ಡದ ಸಾಲು ಅದರಲ್ಲಿತ್ತು. ಒಂದು ಕಾಲಕ್ಕೆ ಅಲ್ಲಿ ಬಂಗಾರ ಅಗೆಯುತ್ತಿದ್ದರಂತೆ. ನಿಜಾಮರ ಕಾಲದ ಯಾವನೋ ಭೂಮಾಪಕ ಆ ಗುಡ್ಡಗಳನ್ನೆಲ್ಲ ಹತ್ತಿಳಿದು, ಎತ್ತರ ತಗ್ಗುಗಳನ್ನು ಗೆರೆಗೆರೆಯಾಗಿ ಬರೆದು, ಪಡುವಣ ಇಳಿಜಾರಿನಲ್ಲಿ ಏಳು ಹಳೇ ಗಣಿಕುಣಿಗಳನ್ನು ಗುರುತು ಮಾಡಿಟ್ಟಿದ್ದಾನೆ. ಬರುವ ಗುರುವಾರ ಭೂವಿಜ್ಞಾನದವರು ಹನ್ನೆರಡು ಆಳುಗಳನ್ನು ಕರೆದುಕೊಂಡು ಈ ಹಾಳೆ ಹಿಡಿದೇ ಗುಡ್ಡ ಹತ್ತಿ ಅಗೆಯುವವರಿದ್ದರು. ಏಳೂ ಕುಣಿ ಇದ್ದಲ್ಲೇ ಸಿಕ್ಕರೆ ನಮ್ಮ ದಫ್ತರದ ಹೆಸರು ಎಲ್ಲಿಗೆ ಹೋಗುತ್ತದೆ ನೋಡಿ ಎಂದು ಮೇಡಂ ನಗುನಗುತ್ತ ಹೇಳಿದ್ದರು. ಎಲ್ಲಿಗೆ ಹೋಗುತ್ತದೆಂಬುದು ಹಂಪಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಯಾಕೆಂದರೆ ನಿಜಾಮರ ಕಾಲದ ಆ ಭೂಮಾಪಕ ಸ್ವತಃ ಹಂಪಣ್ಣನೇ.

ಚಹಾ ಕುಡಿದ. ತಣ್ಣಗಾಗಿತ್ತು. ಆಗ ಹಂಪಣ್ಣನಿಗೆ ಇಪ್ಪತ್ತಾರು ತುಂಬಿರಲಿಲ್ಲ, ಟ್ರೇಸರ್ ಎಂದು ಸೇರಿ ವರ್ಷವಾಗಿತ್ತು. ಹಳೇ ಟ್ರೇಸಿಂಗ್ ಬಟ್ಟೆಯ ಮೇಲಿದ್ದ ಜೀರ್ಣವಾದ ನಕ್ಷೆಗಳನ್ನು ಅಂಥದೇ ಹೊಸ ಬಟ್ಟೆಯ ಮೇಲೆ ಮಸಿಯಲ್ಲಿ ತಿದ್ದಿ ನಕಲು ಇಳಿಸುವುದು ಕೆಲಸ. ಆ ಬಟ್ಟೆಯ ಗುಟ್ಟು ದಫ್ತರದ ಹೊರಗಿನವರಿಗೆ ಗೊತ್ತಿರಲಿಲ್ಲ. ನೋಡಲು ಕಾಗದದಂತೆ ಗರಿಗರಿ, ಆಚೆಗಿನದು ಕಾಣುವಷ್ಟು ತೆಳು. ಆದರೆ ಬಿಸಿನೀರಿನಲ್ಲಿ ನೆನೆಹಾಕಿ ತಿಕ್ಕಿದರೆ ಗಂಜಿ ಬಿಟ್ಟು, ಮಸಿ ಬಿಟ್ಟು, ಬೆಣ್ಣೆಯಂಥ ಮಲ್‍ಮಲ್ ಉಳಿಯುತ್ತಿತ್ತು. ಕೆಟ್ಟುಹೋದ ನಕಲುಗಳನ್ನು ಮನೆಗೊಯ್ಯುವುದನ್ನು ಯಾರೂ ಕಳವು ಎಂದು ಎಣಿಸುತ್ತಿರಲಿಲ್ಲ. ಹೆಡ್ ಟ್ರೇಸರ್ ಓಬಳೆಪ್ಪನವರು ದಿನವೂ ಮೂಗು ಒರೆಸಿಕೊಳ್ಳುತ್ತಿದ್ದ ಕರವಸ್ತ್ರದಲ್ಲಿ ಒಂದು ಕಾಲಕ್ಕೆ ಎರಡು ಊರು, ಒಂದು ಕೆರೆ ಇದ್ದವು. ಆ ತಿಂಗಳು ಹಂಪಣ್ಣನಿಗೆ ಮಗಳು ಹುಟ್ಟಿದ್ದಳು. ಕೂಸಿಗೆ ಮೊದಲು ತೊಡಿಸುವ ಅಂಗಿ ಹೊಸ ಬಟ್ಟೆಯದಾಗಬಾರದು, ಬಳಸಿದ ಮೆತ್ತನ್ನ ಬಟ್ಟೆ ಬೇಕು ಎಂದು ಅವನ ಅವ್ವ ಹಟ ಹಿಡಿದಳು. ಸಂಜೆ ದಫ್ತರ ಮುಚ್ಚುವ ಗಡಿಬಿಡಿಯಲ್ಲಿ ಹಂಪಣ್ಣ ಮೇಜಿನ ಮೇಲಿದ್ದ ಎರಡು ಸುರುಳಿಗಳಲ್ಲಿ ಒಂದನ್ನು ಚೀಲಕ್ಕೆ ಸೇರಿಸಿದ. ಮೂರನೇ ದಿನ ಹದಿನಾಲ್ಕನೇ ಹಾಳೆ ಎಂದು ಬಿಚ್ಚಿ ನೋಡಿದರೆ ಒಳಗಿದ್ದದ್ದು ಯಾರೋ ಮಸಿ ಚೆಲ್ಲಿ ಕೆಡಿಸಿದ ಕಾಲುವೆಯ ನಕಲು. ಮನೆಗೆ ಓಡಿದ. ಅಂಗಳದ ಹಗ್ಗದ ಮೇಲೆ ಕೆಂಚಗುಡ್ಡದ ಸಾಲು ಎರಡು ಪುಟ್ಟ ತೋಳುಗಳೊಂದಿಗೆ ಒಣಗುತ್ತಿತ್ತು. ಅವ್ವ ಕುದಿಸಿದ್ದಳು, ಪಕ್ಕದ ಮನೆಯ ಮೆಹಬೂಬಬೀ ಕತ್ತರಿಸಿ ಹೊಲಿದು ಕೊರಳಿಗೆ ಕೆಂಪು ದಾರ ಹಾಕಿದ್ದಳು, ಮತ್ತೆ ಒಗೆದು ಹಾಕಿದ್ದರು. ಎಷ್ಟು ಮೆತ್ತಗೈತಿ ನೋಡು ಎಂದು ಅವ್ವ ಅದನ್ನು ಅವನ ಗಲ್ಲಕ್ಕೆ ಮುಟ್ಟಿಸಿದಳು. ಮೆತ್ತಗೇ ಇತ್ತು.

ಹತ್ತೊಂಬತ್ತು ದಿನ ಕೂತು ಹೊಸದಾಗಿ ಬರೆದ. ನಿಜವಾದ ಹಾಳೆಯನ್ನು ಎರಡು ಸಲ ನೋಡಿದ್ದ ಅಷ್ಟೆ. ನೆನಪಿದ್ದದ್ದನ್ನು ನೆನಪಿನಿಂದ, ಮರೆತದ್ದನ್ನು ಗುಡ್ಡವೆಂದ ಮೇಲೆ ಹೀಗೆ ಇರಬೇಕೆಂಬ ನ್ಯಾಯದಿಂದ ತುಂಬಿದ. ಕುಣಿಗಳು ಇದ್ದದ್ದು ನೆನಪಿತ್ತು. ಎಷ್ಟು, ಯಾವ ಮಗ್ಗುಲಿಗೆ ಎಂಬುದು ಇರಲಿಲ್ಲ. ಏಳು ಇಟ್ಟ, ಕಣ್ಣಿಗೆ ಚೆಂದ ಕಂಡಿತು. ಅಂಚಿನ ಊರುಗಳ ಹೆಸರನ್ನು ಪಕ್ಕದ ಹಾಳೆಗಳಿಂದ ಇಳಿಸಿಕೊಂಡ. ಚಹಾದಲ್ಲಿ ಅದ್ದಿದ ಹತ್ತಿಯನ್ನು ಹಿಂಬದಿಗೆ ಒತ್ತಿ ಒತ್ತಿ ಬಟ್ಟೆಗೆ ಅರವತ್ತು ವರ್ಷ ವಯಸ್ಸು ಮಾಡಿದ. ಕೊನೆಗೆ ಉಳಿದದ್ದು ಗುಡ್ಡದ ತುದಿಯಲ್ಲಿದ್ದ ಒಂದು ಸಾಲು ಉರ್ದು. ಹಂಪಣ್ಣನಿಗೆ ಉರ್ದು ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ದಿನಾ ಹಾದುಹೋಗುವ ದರ್ಗಾದ ಬಾಗಿಲಲ್ಲಿ ಹಸಿರು ಹಲಗೆಯ ಮೇಲೆ ಅಂದವಾದ ಒಂದು ಸಾಲಿತ್ತು. ದರ್ಗಾದ ಬಾಗಿಲಲ್ಲಿ ಇರುವುದು ಪವಿತ್ರವಾದದ್ದೇ ಇರಬೇಕು, ಗುಡ್ಡದ ತುದಿಗೂ ಒಪ್ಪುತ್ತದೆ ಎಂದು ನಿಂತು ನೋಡಿ, ಚೀಟಿಯ ಮೇಲೆ ಗೀಚಿಕೊಂಡು ಬಂದು, ಹಾಳೆಗೆ ಇಳಿಸಿದ. ಹನ್ನೆರಡು ವರ್ಷದ ಮೇಲೆ ಅದೇ ದರ್ಗಾದಲ್ಲಿ ಮೆಹಬೂಬಬೀಯ ಮಗನ ಮದುವೆಗೆ ಹೋದಾಗ, ಹಳೇ ದಾಖಲೆಗಳನ್ನು ಓದಿ ಹೇಳುವುದನ್ನೇ ಕಸುಬು ಮಾಡಿಕೊಂಡಿದ್ದ ಗೆಳೆಯ ಮಾಜೀದಸಾಬರನ್ನು ಆ ಹಲಗೆಯ ಮೇಲೆ ಏನು ಬರೆದಿದೆ ಎಂದು ಸುಮ್ಮನೆ ಕೇಳಿದ. ಚಪ್ಪಲಿ ಹೊರಗೆ ಬಿಡಿ ಎಂದು ಬರೆದಿದೆ ಎಂದರು. ಆ ದಿನ ಹಂಪಣ್ಣನಿಗೆ ಮದುವೆಯ ಊಟ ಸೇರಲಿಲ್ಲ.

ಇಷ್ಟೇ ಆಗಿದ್ದರೆ ಬರೀ ಹೆದರಿಕೆ, ಹೆದರಿಕೆಯನ್ನು ಹಂಪಣ್ಣ ಹೇಗೋ ಹೊಟ್ಟೆಗೆ ಹಾಕಿಕೊಂಡು ಇದ್ದುಬಿಡುತ್ತಿದ್ದ. ಅವನನ್ನು ಹಣ್ಣು ಮಾಡಿದ್ದು ಹೊಗಳಿಕೆ. ಹೋದ ತಿಂಗಳು ಮೇಡಂ ಆ ಹಾಳೆಯನ್ನು ಬೆಳಕಿಗೆ ಹಿಡಿದು, ಇಟಗಿ ಗುಡಿ ಕೆತ್ತಿದವರ ಕೈ ಇರಬೇಕು ಇದು, ಈಗ ಇಂಥ ಕೈ ಎಲ್ಲಿವೆ ಎಂದಾಗ ಹಂಪಣ್ಣನ ಕಿವಿ ಬಿಸಿಯಾದವು. ಮೇಜಿನ ಕೆಳಗೆ ತನ್ನ ಬಲಗೈಯನ್ನು ತಾನೇ ನೋಡಿಕೊಂಡ. ಬೆರಳುಗಳ ಮೇಲೆ ಕೂದಲು ನೆರೆತಿತ್ತು. ಆ ಹತ್ತೊಂಬತ್ತು ದಿನ ಬಿಟ್ಟರೆ ಆ ಕೈ ಮೂವತ್ತೈದು ವರ್ಷ ಮಾಡಿದ್ದೆಲ್ಲ ಬೇರೆಯವರ ಗೆರೆಯ ಮೇಲೆ ಗೆರೆ ಎಳೆಯುವ ಕೆಲಸ, ಅದಕ್ಕೆ ಒಂದು ದಿನವೂ ಯಾರೂ ಭೇಷ್ ಅಂದದ್ದಿಲ್ಲ. ಈಗ ಅಂದರೆ ಅದು ಇಲ್ಲದ ಮನುಷ್ಯನ ಪಾಲಾಗುತ್ತಿತ್ತು. ಬರುಬರುತ್ತ ಆ ಭೂಮಾಪಕನಿಗೆ ಒಂದು ಮುಖ ಬಂದಿತ್ತು, ರುಮಾಲು, ಹುರಿಮೀಸೆ. ದಫ್ತರಕ್ಕೆ ಬಂದವರಿಗೆಲ್ಲ ಮೇಡಂ ಹಾಳೆ ತೋರಿಸುವಾಗ ಆತ ಹಂಪಣ್ಣನ ಕಡೆ ನೋಡಿ ಮೀಸೆ ತಿರುವಿದಂತೆ ಆಗುತ್ತಿತ್ತು. ತಾನೇ ಹುಟ್ಟಿಸಿದವನ ಮೇಲೆ ಹಂಪಣ್ಣನಿಗೆ ಹೊಟ್ಟೆಕಿಚ್ಚು. ಯಾರಿಗೆ ಹೇಳಬೇಕು ಇದನ್ನು?

ತೊಳೆದ ಲೋಟವನ್ನು ಇನ್ನೊಮ್ಮೆ ತೊಳೆಯುತ್ತಿರುವಾಗ ಅಂಗಿ ನೆನಪಾಯಿತು. ಮಸಿ ಪೂರ್ತಿ ಬಿಟ್ಟಿರಲಿಲ್ಲ, ಮಗಳ ಬೆನ್ನ ಮೇಲೆ ತೆಳ್ಳಗೆ ಕಾಣುತ್ತಿತ್ತು. ಅದು ಇನ್ನೂ ಇದ್ದರೆ ನಿಜವಾದ ಕುಣಿಗಳು ಎಲ್ಲಿವೆ ಎಂದಾದರೂ ತಿಳಿಯುತ್ತದೆ, ಮಾಜೀದಸಾಬರು ಬರುವುದರೊಳಗೆ ಅಲ್ಲಿಷ್ಟು ಇಲ್ಲಿಷ್ಟು ತಿದ್ದಿಬಿಡಬಹುದು, ಆಳುಗಳು ಸುಳ್ಳೇ ಅಗೆಯುವುದಾದರೂ ತಪ್ಪುತ್ತದೆ. ಮನೆಗೆ ಫೋನು ಮಾಡಿ, ಶೈಲಜಾಳ ಅಂಗಿ ಎಲ್ಲಿದೆ ಎಂದು ಕೇಳಿದ. ಯಾವ ಅಂಗಿ ಎಂದಳು ಹೆಂಡತಿ ಕಳಕಮ್ಮ. ಕೂಸಿದ್ದಾಗಿನದು ಎಂದ.

"ಆರಾಮದೀರಿಲ್ರಿ?" ಎಂದು ಕಳಕಮ್ಮ ಮೆಲ್ಲಗೆ ಕೇಳಿದಳು.

ಆರಾಮಿದ್ದೇನೆ, ಅಂಗಿಯ ಸುದ್ದಿ ಹೇಳು ಎಂದ. ಆಕೆ ಹೇಳತೊಡಗಿದ್ದು ಮುಗಿಯಲೇ ಇಲ್ಲ. ಆ ಅಂಗಿ ತೊಟ್ಟ ಶೈಲಜಾ ಒಂದು ಸಲವೂ ಕೆಮ್ಮಲಿಲ್ಲವೆಂದು ಕುಷ್ಟಗಿಯವರು ಒಯ್ದರು, ಅಲ್ಲಿಂದ ಯಲಬುರ್ಗಾಕ್ಕೆ, ಗಂಗಾವತಿಯಲ್ಲಿ ಮೂರು ಮನೆ, ಅವಳಿಜವಳಿ ಹುಟ್ಟಿದಾಗ ಯಾವುದಕ್ಕೆ ತೊಡಿಸಬೇಕೆಂದು ಜಗಳವೂ ಆಗಿತ್ತು. ಇಪ್ಪತ್ತೊಂದು ಕೂಸು. ಯಾವ ಭೂಮಾಪಕನೂ ಈ ಸೀಮೆಯನ್ನು ಅಷ್ಟು ತಿರುಗಿರಲಿಲ್ಲ. ಸದ್ಯಕ್ಕೆ ಅದು ಮುನಿರಾಬಾದಿನಲ್ಲಿತ್ತು, ಕಳಕಮ್ಮನ ತಂಗಿ ಉಡಚಮ್ಮನ ಮನೆಯಲ್ಲಿ. ಉಡಚಮ್ಮನ ಮಗಳು ಸುಮಂಗಲಾ ಹೆರಿಗೆಗೆ ಬಂದಿದ್ದಳು. ಹಂಪಣ್ಣ ಅರ್ಧ ದಿನದ ರಜೆ ಬರೆದಿಟ್ಟು ಹೊಸಪೇಟೆ ಬಸ್ಸು ಹತ್ತಿದ.

ಬಾಣಂತಿಯ ಮನೆಗೆ ಬರಿಗೈಯಲ್ಲಿ ಹೋಗಬಾರದೆಂಬುದು ಬಸ್ಸಿಳಿದ ಮೇಲೆ ಹೊಳೆದು, ನಿಲ್ದಾಣದ ಮುಂದೆ ಒಂದು ಡಜನ್ ಬಾಳೆಹಣ್ಣು ಕೊಂಡ. ಅಕ್ಕನ ಗಂಡ ಹೇಳದೆ ಕೇಳದೆ ಕೆಲಸದ ದಿನ ಬಂದು ನಿಂತದ್ದು ನೋಡಿ ಉಡಚಮ್ಮ ಮೊದಲು ಗಾಬರಿಯಾದಳು, ಆಮೇಲೆ ಹಣ್ಣು ನೋಡಿ ನಕ್ಕಳು. "ಬಾಳಿಹಣ್ಣು ತಂಪಲ್ರಿ ಮಾಮಾ, ಬಾಣಂತಿಗೆ ಯಾರರ ತರ್ತಾರ?" ಎಂದು ಅದನ್ನೇ ತಟ್ಟೆಯಲ್ಲಿಟ್ಟು ಅವನ ಮುಂದೆ ತಂದಳು. ತಾನೇ ತಂದ ಹಣ್ಣನ್ನು ಹಂಪಣ್ಣ ಎರಡು ತಿಂದ. ಒಣಕೊಬ್ಬರಿ ತರಬೇಕಿತ್ತು, ಉತ್ತತ್ತಿ ತರಬೇಕಿತ್ತು ಎಂದು ಕಳಕಮ್ಮ ಇನ್ನು ವರ್ಷಗಟ್ಟಲೆ ಹೇಳುತ್ತಾಳೆಂಬುದು ಹಣ್ಣಿನ ಜೊತೆಗೇ ಗಂಟಲಿಗಿಳಿಯಿತು. ಕೂಸನ್ನು ನೋಡಬೇಕು ಎಂದ. ತನ್ನ ಮಗಳನ್ನೇ ಎರಡು ವರ್ಷ ತುಂಬುವ ತನಕ ಎತ್ತಿಕೊಳ್ಳದಿದ್ದ ಮನುಷ್ಯ ಕೂಸನ್ನು ಬೇಡಿದ ಸುದ್ದಿ ಪಕ್ಕದ ಕ್ವಾರ್ಟರ್ಸಿಗೂ ಮುಟ್ಟಿ ಇಬ್ಬರು ಹೆಂಗಸರು ಬಾಗಿಲಿಗೆ ಬಂದು ನಿಂತರು. ಲೋಬಾನದ ಹೊಗೆಯೊಳಗಿಂದ ಸುಮಂಗಲಾ ಎರಡು ತಿಂಗಳ ಗಂಡುಕೂಸನ್ನು ತಂದು ತೊಡೆಯ ಮೇಲಿಟ್ಟಳು. ಅಂಗಿ ಅದರ ಮೈಮೇಲೆಯೇ ಇತ್ತು. ಹಂಪಣ್ಣ ಕೂಸನ್ನು ಬೋರಲು ಹಾಕಿಕೊಂಡು, ಕನ್ನಡಕ ಏರಿಸಿ, ಓದತೊಡಗಿದ.

ಇತ್ತು. ಬಟ್ಟೆ ಬೆಳ್ಳಗೆ ಸವೆದು ಹೋಗಿದ್ದರೂ ಬೂದುಬಣ್ಣದ ಗೆರೆಗಳು ಕೂದಲೆಳೆಯಷ್ಟು ಉಳಿದಿದ್ದವು. ಸೊಂಟದ ಅಂಚಿನಲ್ಲಿ ಹಳ್ಳ, ಅದರ ಮೇಲೆ ಊರಿನ ಚೌಕ, ಎಡ ಪಕ್ಕೆಯಿಂದ ಮೇಲೇಳುವ ಗುಡ್ಡ. ಕೂಸು ಉಸಿರಾಡಿದಾಗ ಗುಡ್ಡವೂ ಏಳುತ್ತ ಇಳಿಯುತ್ತ ಇತ್ತು. ನೋಡುತ್ತ ನೋಡುತ್ತ ಹಂಪಣ್ಣನಿಗೆ ಕೆಟ್ಟ ಖುಷಿಯೊಂದು ಹತ್ತಿತು. ಆ ನಿಜವಾದ ಭೂಮಾಪಕನ ಗೆರೆ ಭಾರೀ ಏನಲ್ಲ! ತಿರುವಿನಲ್ಲಿ ದಪ್ಪ, ಇಳಿಜಾರಿನಲ್ಲಿ ತೆಳು, ಹಳ್ಳದ ಹತ್ತಿರ ಅಂತೂ ಕೈ ನಡುಗಿದೆ. ತನ್ನದು ಇದಕ್ಕಿಂತ ಎಷ್ಟೋ ಪಾಲು ಮೇಲು. ಗೆದ್ದೆ ಅನ್ನಿಸಿತು, ಮರುಕ್ಷಣಕ್ಕೆ ನಾಚಿಕೆಯಾಯಿತು. ಪಾಪ, ಯಾವ ಬಿಸಿಲಲ್ಲಿ ನಿಂತು ಬರೆದನೋ, ಜ್ವರ ಬಂದಿತ್ತೋ, ಹತ್ತಿ ಹತ್ತಿ ಕಾಲು ಸೋತಿದ್ದವೋ. ನಡುಗಿದರೂ ಆತ ಗುಡ್ಡ ಇದ್ದಲ್ಲೇ ಗುಡ್ಡ ಬರೆದಿದ್ದ. ಹಂಪಣ್ಣ ಕೆಂಚಗುಡ್ಡವನ್ನು ಇವತ್ತಿಗೂ ಕಣ್ಣಿಂದ ಕಂಡವನಲ್ಲ. ಬೆರಳಿಟ್ಟು ಗೆರೆ ಹಿಡಿದು ಮೇಲೆ ಹೊರಟ, ಪಕ್ಕೆ ದಾಟಿದ, ಭುಜದ ಎಲುಬಿನ ನಡುವೆ ಕಾಲುದಾರಿಯ ಚುಕ್ಕೆಗಳು ಸಿಕ್ಕವು, ಚುಕ್ಕೆಗಳೆಲ್ಲ ಒಂದೇ ಕಡೆ ಹೋಗುತ್ತಿದ್ದವು, ಗಣಿಗೆ ಹೋಗುವ ದಾರಿಯೇ ಸೈ, ಇನ್ನೊಂದೆರಡು ಬೆರಳು ಮೇಲೆ ಹೋದರೆ ಕುಣಿಗಳು. ಅಲ್ಲಿ ಬಟ್ಟೆ ಮುಗಿದಿತ್ತು. ಕೆಂಪು ದಾರದ ಹೊಲಿಗೆ, ಅದರಾಚೆ ಕೂಸಿನ ಕುತ್ತಿಗೆ. ಮೆಹಬೂಬಬೀ ತನಗೆ ಗೊತ್ತಿಲ್ಲದೆ ಗಣಿಗಳಿಗೇ ಕತ್ತರಿ ಹಾಕಿ ಕೊರಳು ತೆಗೆದಿದ್ದಳು. ಹಂಪಣ್ಣ ಬಗ್ಗಿ ಬಗ್ಗಿ ನೋಡಿದ. ಪೌಡರ್ ಬಳಿದ ಮೆತ್ತನ್ನ ಚರ್ಮ, ನಾಲ್ಕು ಎಳೆಗೂದಲು.

ಏನು ಹುಡುಕುತ್ತಿದ್ದೀರಿ ಎಂದು ಉಡಚಮ್ಮ ಕೇಳಿದಳು. ಹೊಲಿಗೆ ನೋಡುತ್ತಿದ್ದೇನೆ, ಚೆನ್ನಾಗಿದೆ ಎಂದ. ಆಗಲೇ ತೊಡೆ ಬೆಚ್ಚಗಾಯಿತು. ಕೂಸು ದೊಡ್ಡಜ್ಜನ ಆಫೀಸಿನ ಪ್ಯಾಂಟನ್ನು ಸಾವಕಾಶವಾಗಿ ತೋಯಿಸಿತು. ಬಾಗಿಲಲ್ಲಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಈ ಅಂಗಿಯನ್ನು ಒಂದು ದಿನದ ಮಟ್ಟಿಗೆ ಒಯ್ಯಲೇ ಎಂದು ಹಂಪಣ್ಣ ಕೇಳಿಯೂ ಕೇಳಿದ. ಉಡಚಮ್ಮನ ನಗು ನಿಂತುಹೋಯಿತು. ಹಲ್ಲು ಬರುವ ತನಕ ಈ ಅಂಗಿ ಕೂಸಿರುವ ಮನೆಯ ಹೊಸ್ತಿಲು ದಾಟುವಂತಿಲ್ಲ, ಹಿಂದಿನ ಇಪ್ಪತ್ತು ಮನೆಯಲ್ಲೂ ಹಾಗೇ ನಡೆದು ಬಂದಿದೆ ಎಂದಳು. ಸುಮಂಗಲಾ ಮಾತ್ರ ಕೂಸನ್ನು ಎತ್ತಿಕೊಳ್ಳುತ್ತ, ಬೆನ್ನ ಮೇಲಿನ ಗೆರೆಗಳನ್ನು ಸವರಿ, "ಇವು ಯಾರೂ ಬರದಿದ್ದಲ್ಲಂತ ದೊಡ್ಡಪ್ಪ, ದೇವ್ರ ಬರದಿದ್ದಂತ. ಹೌದೇನ್ರಿ?" ಎಂದಳು. ಬರೆದವನ ಹೆಸರು ಬಿಸಿನೀರಿಗೆ ಹೋಗಿತ್ತು, ಕುಣಿಗಳು ಕತ್ತರಿಗೆ ಹೋಗಿದ್ದವು, ಉಳಿದ ನಾಲ್ಕು ಗೆರೆಯನ್ನು ದೇವರು ತನ್ನ ಹೆಸರಿಗೆ ಹಚ್ಚಿಕೊಂಡಿದ್ದ. ಹಂಪಣ್ಣ ಆ ನಡುಗುವ ಕೈಯವನ ಹಳ್ಳದ ಗೆರೆಯನ್ನು ಇನ್ನೊಮ್ಮೆ ನೋಡಿದ. ಹೊರಡುತ್ತೇನೆಂದು ಎದ್ದ. ಉಡಚಮ್ಮನ ಗಂಡನ ಪ್ಯಾಂಟು ಕೊಟ್ಟರು, ನಡುವಿಗೆ ನಾಲ್ಕು ಬೆರಳು ದೊಡ್ಡದು.

ಬಸ್ಸಿನಲ್ಲಿ ಕಂಬಿಯನ್ನು ಒಂದು ಕೈಯಲ್ಲಿ, ಪ್ಯಾಂಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡೇ ಕೊಪ್ಪಳ ಮುಟ್ಟಿದ. ತಿದ್ದಲು ಏನೂ ಉಳಿದಿರಲಿಲ್ಲ. ಮಾಜೀದಸಾಬರು ಆಗಲೇ ಬಂದು ದಫ್ತರದ ಬಾಗಿಲಲ್ಲಿ ಚಪ್ಪಲಿ ಕಳಚುತ್ತಿದ್ದರು. ಒಳಗೆ ಚಪ್ಪಲಿ ತರಬಾರದೆಂಬುದು ಹಂಪಣ್ಣನದೇ ಕಾಯಿದೆ, ಹಳೇ ಬಟ್ಟೆಗೆ ಮಣ್ಣು ತಾಗಬಾರದೆಂದು. ಮೇಡಂ ಕೂಡ ಬಂದ ದಿನದಿಂದ ಅದನ್ನು ಪಾಲಿಸುತ್ತಿದ್ದರು. ಹಾಳೆ ಬಿಚ್ಚಿ, ನಾಲ್ಕು ಮೂಲೆಗೆ ಹಿತ್ತಾಳೆಯ ಗುಂಡು ಇಟ್ಟಿದ್ದರು. ಎಪ್ಪತ್ತೆರಡರ ಮಾಜೀದಸಾಬರು ಭೂತಗನ್ನಡಿ ಹಿಡಿದು ಅಂಚಿನ ಊರುಗಳ ಹೆಸರನ್ನು ಒಂದೊಂದಾಗಿ ಸರಿಯಾಗಿ ಓದಿದರು, ಮೇಡಂ ಬರೆದುಕೊಂಡರು. ಭೂತಗನ್ನಡಿ ಗುಡ್ಡ ಹತ್ತಿತು. ತುದಿಗೆ ಬಂದು ನಿಂತಿತು. ಮಾಜೀದಸಾಬರು ತುಟಿಯೊಳಗೇ ಒಮ್ಮೆ ಓದಿದರು, ಇನ್ನೊಮ್ಮೆ ಓದಿದರು, ಕನ್ನಡಕದ ಮೇಲಿನಿಂದ ಹಂಪಣ್ಣನನ್ನು ನೋಡಿದರು. ಆ ಮದುವೆಯ ದಿನ ಈತ ದರ್ಗಾದ ಬಾಗಿಲಲ್ಲಿ ಕೇಳಿದ್ದು, ಆಮೇಲೆ ಊಟ ಬಿಟ್ಟದ್ದು, ಎಲ್ಲ ಅವರಿಗೆ ಒಂದೊಂದಾಗಿ ನೆನಪಾಗುತ್ತಿರುವುದು ಹಂಪಣ್ಣನಿಗೆ ಕಂಡಿತು. ಪ್ಯಾಂಟು ಜಾರುತ್ತಿತ್ತು, ಎರಡೂ ಕೈಯಲ್ಲಿ ಹಿಡಿದುಕೊಂಡ.

"ಅಕ್ಷರ ಭಾಳ ಅಳಿಸ್ಯಾವ್ರಿ ಮೇಡಂ," ಎಂದರು ಮಾಜೀದಸಾಬರು. "ಯಾರೋ ಹಿರಿಯರ ಹೆಸರಿದ್ದಂಗ ಕಾಣತೈತಿ."

ಉಳಿದೆ ಎಂದುಕೊಂಡ ಹಂಪಣ್ಣ. ಗೆಳೆಯ ಉಳಿಸಿದ್ದ, ಸುಳ್ಳು ಹೇಳದ ಮನುಷ್ಯ ಇವನಿಗಾಗಿ ಸುಳ್ಳು ಹೇಳಿದ್ದ. ಬುದ್ಧಿ ಇದ್ದವನಾದರೆ ಚಹಾ ತರಿಸಿ, ಮೂವರೂ ಕುಡಿದು, ಹಾಳೆ ಸುತ್ತಿ ಇಡಬೇಕು. ಕುಣಿ ಸಿಗದಿದ್ದರೆ ಮಣ್ಣು ಮುಚ್ಚಿರಬೇಕು ಎಂದುಕೊಳ್ಳುತ್ತಾರೆ, ಬಿಸಿಲಲ್ಲಿ ಬೆವರು ಹರಿಸುವುದು ಆಳುಗಳ ಹಣೆಬರಹ. ಆದರೆ ಮೇಡಂ ಇನ್ನೂ ಬಗ್ಗಿಕೊಂಡೇ ಇದ್ದರು, ಮುಟ್ಟದೆ, ಗೆರೆಯ ಮೇಲೆ ಗಾಳಿಯಲ್ಲಿ ಬೆರಳು ಆಡಿಸುತ್ತ. ನೋಡಿ, ಎಲ್ಲೂ ಕೈ ಎತ್ತಿಲ್ಲ, ಒಂದೇ ಉಸಿರಿನಲ್ಲಿ ಎಳೆದಿದ್ದಾನೆ ಎಂದರು. ಆಮೇಲೆ, ಒಂದಿಷ್ಟೂ ಕುಹಕವಿಲ್ಲದೆ, ಊಟ ಆಯಿತೇ ಎಂದು ಕೇಳಿದ ಹಾಗೆ ಕೇಳಿದರು:

"ಮೂವತ್ತೈದು ವರ್ಷ ಇದ ಕೆಲಸ ಮಾಡೀರಿ ಹಂಪಣ್ಣಾರ. ನಿಮ್ಮ ಕೈಲೆ ಇಂಥಾದ್ದೊಂದು ಗೆರಿ ಒಂದ ದಿನರ ಬಂದಿತ್ತೇನ್ರಿ?"

ಬೆಳಗಿನಿಂದ ಹೊತ್ತು ತಿರುಗಿದ ಹೆದರಿಕೆ ಎಲ್ಲಿ ಹೋಯಿತೋ. ರುಮಾಲಿನವನು ಮೂಲೆಯಲ್ಲಿ ನಿಂತು ಮೀಸೆ ತಿರುವುತ್ತಿದ್ದ, ಅವನ ಮೀಸೆ ಹಿಡಿದು ಎಳೆಯಬೇಕೆನಿಸಿತು.

"ಆ ಗೆರಿ ನಂದ್ರಿ ಮೇಡಂ," ಎಂದ ಹಂಪಣ್ಣ.

ಮೇಡಂ ನಕ್ಕರು. ಮಾಜೀದಸಾಬರು ಅವರಿಗಿಂತ ಜೋರಾಗಿ ನಕ್ಕು, ಇವರು ಮೊದಲಿನಿಂದಲೂ ಚೇಷ್ಟೆಯವರು ಎಂದು ಮಾತು ಮುಚ್ಚಲು ನೋಡಿದರು. ಹಂಪಣ್ಣ ನಗಲಿಲ್ಲ. ಖರೇ ಏನು ಬರೆದಿದೆ ಅದನ್ನೇ ಓದಿ ಎಂದು ಮಾಜೀದಸಾಬರಿಗೆ ಹೇಳಿದ. ಬೇಡ ಎಂಬಂತೆ ಅವರು ಕಣ್ಣಲ್ಲೇ ತಡೆದರು. ಓದಿ ಎಂದ ಮತ್ತೆ. ಮಾಜೀದಸಾಬರು ಭೂತಗನ್ನಡಿ ಕೆಳಗಿಟ್ಟರು. ಅದು ಬೇಕಿರಲಿಲ್ಲ.

"ಚಪ್ಪಲಿ ಹೊರಗ ಬಿಡ್ರಿ, ಅಂತ ಬರದೈತ್ರಿ."

ಕೆಂಚಗುಡ್ಡದ ಸುತ್ತ ನಿಂತಿದ್ದ ಮೂವರೂ ತಮ್ಮ ತಮ್ಮ ಬರಿಗಾಲುಗಳನ್ನು ನೋಡಿಕೊಂಡರು. ಆಮೇಲೆ ಹಂಪಣ್ಣ ಎಲ್ಲ ಹೇಳಿದ, ಬಟ್ಟೆ, ಬಿಸಿನೀರು, ಅವ್ವ, ಚಹಾದ ಹತ್ತಿ, ಚೆಂದ ಕಂಡದ್ದಕ್ಕೆ ಏಳು ಕುಣಿ. ಮೇಡಂ ಮುಖದ ಮೇಲಿನ ನಗು ಒಂದೊಂದೇ ಮಾತಿಗೆ ಇಳಿಯುತ್ತ ಬಂತು. ಕುರ್ಚಿ ಎಳೆದುಕೊಂಡು ಕೂತರು. ಹಾಗಾದರೆ ನಿಜವಾದ ಹಾಳೆ ಎಂಬುದು ಇಲ್ಲವೇ ಇಲ್ಲವೇ ಎಂದರು. ಇದೆ, ಮುನಿರಾಬಾದಿನಲ್ಲಿ ಕೂಸಿನ ಮೈಮೇಲಿದೆ, ಹಲ್ಲು ಬರುವ ತನಕ ಕೊಡುವುದಿಲ್ಲವಂತೆ ಎಂದ ಹಂಪಣ್ಣ. ಹಲ್ಲು ಯಾವಾಗ ಬರುತ್ತವೆ ಎಂದು ಮೇಡಂ ಅಧಿಕಾರಿಯ ದನಿಯಲ್ಲೇ ಕೇಳಿ, ಕೇಳಿದ್ದು ಏನೆಂಬುದು ಹೊಳೆದು, ಹಣೆಗೆ ಕೈ ಹಚ್ಚಿಕೊಂಡರು. ಗುರುವಾರದವರಿಗೆ ಬರಬೇಡಿ ಎಂದು ಅಲ್ಲಿಂದಲೇ ಫೋನು ಮಾಡಿದರು. ಫೋನಿಟ್ಟು, ಹಂಪಣ್ಣನ ದೊಗಳೆ ಪ್ಯಾಂಟಿನಿಂದ ಮುಖದವರೆಗೆ ಒಮ್ಮೆ ನೋಡಿ, ಹಾಳೆಯ ಕೆಳಗಿನ ಬಲಮೂಲೆಯನ್ನು ತೋರಿಸಿದರು. ಬರೆದವನ ಹೆಸರಿರಬೇಕಾದ ಆ ಜಾಗವನ್ನು ಮೂವತ್ತನಾಲ್ಕು ವರ್ಷದ ಹಿಂದೆ ಹಂಪಣ್ಣ ಖಾಲಿ ಬಿಟ್ಟಿದ್ದ.

"ಇದು ದಾಖಲೆ ಅಲ್ಲ ಅಂದಮ್ಯಾಲೆ ಇದರ ಮ್ಯಾಲೆ ಬರಿಯಾಕ ಅಡ್ಡಿ ಏನಿಲ್ಲ. ಹೆಸರು ಬರೀರಿ. ನಾಳೆ ಮ್ಯಾಲಿನವ್ರಿಗೆ ಕಳಸ್ತೀನಿ, ಯಾರು ಮಾಡಿದ್ದಂತ ಅವ್ರಿಗೆ ಗೊತ್ತಾಗ್ಲಿ."

ಬಾಲ್ ಪೆನ್ನು ಮುಂದೆ ಮಾಡಿದರು. ಹಂಪಣ್ಣ ಬೇಡವೆಂದು ತನ್ನ ಮೇಜಿನ ಕೆಳಖಾನೆ ಎಳೆದು, ಕಪ್ಪು ಮಸಿಯ ಕುಪ್ಪಿ, ಹಳೇ ಲೇಖನಿ ತೆಗೆದ. ಮಾಜೀದಸಾಬರು ಮುಖ ತಿರುಗಿಸಿ ಕಿಟಕಿಯ ಕಡೆ ನಿಂತರು. ನಾಳೆ ಏನಾಗುತ್ತದೋ, ವಿಚಾರಣೆಯೋ, ಪಿಂಚಣಿಗೆ ಕತ್ತರಿಯೋ. ಕಳಕಮ್ಮನಿಗೆ ಏನು ಹೇಳುವುದೋ. ಮಸಿಯಲ್ಲಿ ಅದ್ದಿ, ಅಂಚಿಗೆ ಒತ್ತಿ ಹನಿ ಇಳಿಸಿ, ಉಸಿರು ಬಿಗಿಹಿಡಿದು ಬರೆದ. ಎಲ್ಲೂ ಕೈ ಎತ್ತಲಿಲ್ಲ. ಮೇಡಂ ಎದ್ದು ಬಂದು ಹೆಸರನ್ನು ನೋಡಿದರು, ಗುಡ್ಡದ ಗೆರೆಯನ್ನು ನೋಡಿದರು, ಮತ್ತೆ ಹೆಸರನ್ನು ನೋಡಿದರು. ಹಾಳೆ ಸುತ್ತಲು ಕೈ ಚಾಚಿದರು.

"ಮುಟ್ಟಬ್ಯಾಡ್ರಿ ಮೇಡಂ," ಎಂದ ಹಂಪಣ್ಣ. "ಇನ್ನೂ ಹಸೀ ಐತಿ."